ಮಕ್ಕಳ ಕೈಯಲ್ಲಿ ಧರ್ಮಶಿಕ್ಷಣ: ಕೃಷ್ಣಾ–ಘಟಪ್ರಭೆಗಳ ಸೀಮೆಯ ಮಣ್ಣಿನ ಪೂಜೆಗಳೂ ಯೆಹೂದ್ಯರ ಪಸ್ಕದ ಊಟವೂ

ಮಕ್ಕಳಿಗೆ ಧರ್ಮವನ್ನು ಕಲಿಸುವ ಬಗೆಗಳು ಮುಖ್ಯವಾಗಿ ಎರಡು. ಹಿರಿಯರು ಹೇಳಿದುದನ್ನು ಮಗುವು ಕೇಳಿ ಬಾಯಿಪಾಠ ಮಾಡುವುದು ಒಂದು ಬಗೆ. ಮಗುವು ತನ್ನ ಕೈಯಿಂದಲೇ ಒಂದು ವಸ್ತುವನ್ನು ಮಾಡಿ, ಆ ಮಾಟದಿಂದ ಹುಟ್ಟಿದ ಪ್ರಶ್ನೆಯನ್ನು ಹಿರಿಯರ ಮುಂದಿಟ್ಟು, ತನ್ನ ಅಳವಿಗೆ ತಕ್ಕ ಉತ್ತರವನ್ನು ಪಡೆಯುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಗುರುವು ಮುಂದೆ ನಡೆಯುವನು, ಶಿಷ್ಯನು ಹಿಂಬಾಲಿಸುವನು. ಎರಡನೆಯದರಲ್ಲಿ ಶಿಷ್ಯನು ಮುಂದೆ ನಡೆಯುವನು, ಗುರುವು ಅವನ ಹಿಂದೆ ನಿಂತು ದಾರಿಯನ್ನು ಕಾಯುವನು. ಈ ಎರಡನೆಯ ಮಾರ್ಗವು ಫ್ರೋಬೆಲ್, ಡ್ಯೂಯಿ, ಮಾಂಟೆಸೊರಿ ಮೊದಲಾದ ಪಾಶ್ಚಾತ್ಯ ಶಿಕ್ಷಣಶಾಸ್ತ್ರಜ್ಞರಿಂದ ಬಂದುದೆಂದೂ, ಈ ದೇಶದಲ್ಲಿ ೧೯೩೭ರ ವರ್ಧಾ ಯೋಜನೆಯಿಂದ ಅದು ಬೇರೂರಿತೆಂದೂ ಸಾಮಾನ್ಯವಾದ ತಿಳಿವಳಿಕೆಯಿದೆ. ಶಾಲೆಯ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಶಾಲೆಯ ಹೊರಗೆ, ದೇವರ ಜಗಲಿಯ ಮುಂದೆ, ಈ ಮಾರ್ಗವು ಬಹುಕಾಲದಿಂದ ನಡೆದುಬಂದಿದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಈ ನಾಲ್ಕು ತಾಲೂಕುಗಳ ಮಣ್ಣಿನ ಪೂಜೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಇದೇ ಮಾರ್ಗವನ್ನು ಗ್ರಂಥಸ್ಥವಾದ ವಿಧಿಯನ್ನಾಗಿ ಮಾಡಿಕೊಂಡವರು ಯೆಹೂದ್ಯರು. ಎರಡನ್ನೂ ಹತ್ತಿರದಲ್ಲಿಟ್ಟು ನೋಡಿದರೆ, ಇಂಥ ಶಿಕ್ಷಣವು ಯಾವುದರಿಂದ ಉಳಿಯುವುದು, ಯಾವುದರಿಂದ ಅಳಿಯುವುದು ಎಂಬುದು ಸ್ಪಷ್ಟವಾಗುವುದು.

ಈ ಸೀಮೆಯ ಬಹುಭಾಗವು ಕೃಷ್ಣೆ ಮತ್ತು ಘಟಪ್ರಭೆಗಳ ಆಶ್ರಯದಲ್ಲಿದೆ. ಈ ಎರಡು ಹೊಳೆಗಳು ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಎರೆಯ ಭೂಮಿ, ಜೋಳದ ಬೆಳೆ, ಎತ್ತಿನ ಒಕ್ಕಲುತನ ಇವು ಇಲ್ಲಿಯ ಹಳೆಯ ಬಾಳಿನ ಆಧಾರಗಳು. ರಬಕವಿ, ಬನಹಟ್ಟಿಗಳಲ್ಲಿ ಇವುಗಳ ಜೊತೆಗೆ ಕೈಮಗ್ಗವೂ ಸೇರಿತ್ತು. ೧೯೪೮ರ ವಿಲೀನಕ್ಕೆ ಮೊದಲು ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿತ್ತು. ರಬಕವಿಯು ಸಾಂಗಲಿಗೆ ಸೇರಿತ್ತು. ಬೀಳಗಿಯು ವಿಜಾಪುರ ಜಿಲ್ಲೆಯೊಳಗೆ ಬ್ರಿಟಿಷರ ಆಳಿಕೆಯಲ್ಲಿತ್ತು. ಅರಸರು ಬೇರೆ, ಕಚೇರಿಗಳು ಬೇರೆ. ಆದರೂ ಹಳ್ಳಿಯ ಮಗುವಿನ ಹಬ್ಬದ ವರ್ಷವು ಎಲ್ಲೆಡೆಯೂ ಒಂದೇ ಆಗಿತ್ತು. ಆ ಹಬ್ಬದ ಮಾತು ಕನ್ನಡವೇ ಆಗಿತ್ತು. ಸಾಹಿತ್ಯಾಭ್ಯಾಸಿಗಳಿಗೆ ಮುಧೋಳವು ರನ್ನನ ಊರೆಂದು ಪರಿಚಿತವಾದುದು. ಬಳೆಗಾರರ ಮನೆಯಲ್ಲಿ ಹುಟ್ಟಿದ ಮಗುವು ಕವಿಚಕ್ರವರ್ತಿಯಾದ ನೆಲದಲ್ಲಿ, ಕೈಕಸುಬಿಗೂ ನುಡಿಗೂ ಇರುವ ನಂಟನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಮಣ್ಣಿನ ಪೂಜೆಗಳೆಂದು ಎಣಿಸುವ ರೂಢಿಯಿದೆ. ಜ್ಯೇಷ್ಠದ ಅಮಾವಾಸ್ಯೆಯಲ್ಲಿ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಯಲ್ಲಿ ನಾಗಪ್ಪ, ಭಾದ್ರಪದದ ಚೌತಿಯಲ್ಲಿ ಗಣಪ್ಪ, ಅದೇ ತಿಂಗಳಲ್ಲಿ ಗಣಪ್ಪನ ಬೆನ್ನಿಗೇ ಬರುವ ಜೋಕುಮಾರ. ಊರಿಂದ ಊರಿಗೆ ವಿವರಗಳಲ್ಲಿ ಭೇದಗಳುಂಟು. ಆದರೆ ಈ ಕ್ರಮವು ಸ್ಥಿರವಾದುದು. ಮುಂಗಾರು ತೊಡಗಿ ನೆಲವು ನೆನೆದು ಮಣ್ಣು ಕೈಗೆ ಬಗ್ಗುವ ಕಾಲದಲ್ಲಿ ಈ ಪಾಠವು ಮೊದಲಾಗುವುದು. ಪೈರು ಎತ್ತರಕ್ಕೆ ಬೆಳೆದು ಮಳೆಗಾಲವು ಹಿಂದೆ ಸರಿಯುವಷ್ಟರಲ್ಲಿ ಮುಗಿಯುವುದು.

ಮೊದಲ ಪಾಠವಾದ ಮಣ್ಣೆತ್ತು ಮಕ್ಕಳದೇ ಹಬ್ಬ. ಇದಕ್ಕೆ ಹದಿನೈದು ದಿನ ಮೊದಲು ಕಾರಹುಣ್ಣಿಮೆ ಬರುವುದು. ಆ ದಿನ ಮನೆಯ ಜೀವಂತವಾದ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೆಜ್ಜೆಸರ ಕಟ್ಟಿ, ಊರಮುಂದೆ ಕರಿ ಹರಿಯುವರು; ಯಾವ ಬಣ್ಣದ ಎತ್ತು ಮುಂದಾಯಿತೆಂಬುದರಿಂದ ಆ ವರ್ಷ ಯಾವ ಬೆಳೆ ಚೆನ್ನಾಗುವುದೆಂದು ಊಹಿಸುವರು. ಅಂದು ಮಗುವು ನೋಡುವವನು ಮಾತ್ರ. ಹದಿನೈದು ದಿನಗಳ ತರುವಾಯ ಅದೇ ಎತ್ತನ್ನು ಮಗುವು ತನ್ನ ಕೈಯಿಂದ ಮಾಡಬೇಕು. ಮೊದಲು ನಿಜವಸ್ತುವಿನ ದರ್ಶನ, ಆಮೇಲೆ ಅದರ ಪ್ರತಿಕೃತಿಯ ನಿರ್ಮಾಣ ಎಂಬ ಈ ಕ್ರಮವನ್ನು ಯಾವ ಶಿಕ್ಷಣಶಾಸ್ತ್ರಜ್ಞನೂ ಬೋಧಿಸಿ ಹೋದುದಿಲ್ಲ. ಪಂಚಾಂಗವೇ ಅದನ್ನು ಏರ್ಪಡಿಸಿದೆ.

ಮಕ್ಕಳು ಮಣ್ಣನ್ನು ತಂದು, ಹರಳುಗಳನ್ನು ಆರಿಸಿ, ನೀರು ಹಾಕಿ ನಾದಿ ಹದಮಾಡುವರು. ಜೋಡೆತ್ತುಗಳನ್ನೂ ಅವುಗಳ ಮುಂದಿಡಲು ಒಂದು ಗ್ವಾದಲಿಯನ್ನೂ ಮಾಡುವರು. ಒಲಿದ ಕೈಯುಳ್ಳವರು ನೊಗವನ್ನೂ ಇಡುವರು. ಎತ್ತನ್ನು ಮಾಡಬೇಕಾದರೆ ಎತ್ತನ್ನು ಅರಿತಿರಬೇಕು. ಇಣಿಯು ಎಲ್ಲಿ ಏಳುವುದು, ಗಂಗೆದೊಗಲು ಎಷ್ಟು ಇಳಿಯುವುದು, ಕೋಡು ಯಾವ ಕಡೆಗೆ ಬಾಗುವುದು, ನೊಗವು ಕುತ್ತಿಗೆಯ ಯಾವ ಭಾಗದಲ್ಲಿ ಕೂಡುವುದು ಎಂಬುದೆಲ್ಲವನ್ನೂ ಮಗುವಿನ ಬೆರಳು ನಿರ್ಣಯಿಸಬೇಕಾಗುವುದು. ಬೆರಳು ತಡೆದ ಕಡೆಯಲ್ಲಿ ಮಗುವು ಹಿರಿಯರನ್ನು ಕೇಳುವುದು. ಹಿರಿಯರು ಹೇಳುವಾಗ ಆ ಅಂಗದ ಹೆಸರನ್ನು ಹೇಳದೆ ಗತಿಯಿಲ್ಲ. ಹೀಗೆ ಇಣಿ, ಗಂಗೆದೊಗಲು, ಮೂಗುದಾರ, ಮಿಣಿ, ಗ್ವಾದಲಿ ಎಂಬ ಮಾತುಗಳು ಕೋಶದಿಂದಲ್ಲ, ಕೈಯಿಂದ ಬಾಯಿಗೆ ಏರಿದವು. ನುಡಿಯನ್ನು ಕಲಿಸುವವರು ಗಮನಿಸತಕ್ಕ ಸಂಗತಿಯೆಂದರೆ ಇದೇ: ವಸ್ತುವನ್ನು ಮಾಡುವ ಕ್ಷಣದಲ್ಲಿ ಬೇಕಾಗಿ ಪಡೆದ ಶಬ್ದವು ಮರೆಯುವುದು ಕಡಿಮೆ.

ಎತ್ತುಗಳನ್ನು ಜಗಲಿಯ ಮೇಲಿಟ್ಟು ಪೂಜಿಸಿ, ಹೋಳಿಗೆ ಕಡಬುಗಳ ನೈವೇದ್ಯ ಮಾಡಿದ ಮಾತ್ರಕ್ಕೆ ಹಬ್ಬವು ಮುಗಿಯದು. ಮಕ್ಕಳು ಗುಂಪುಕಟ್ಟಿಕೊಂಡು, ಒಂದು ಕಾಲು ಇಲ್ಲದ ಮಣ್ಣಿನ ಕುಂಟೆತ್ತನ್ನು ಹಿಡಿದು, ಮನೆಮನೆಗೆ ಹೋಗಿ ಅದರ ಹೆಸರಿನಲ್ಲಿ ಜೋಳವನ್ನು ಬೇಡುವರು. ಬಂದುದನ್ನು ಕೂಡಿಸಿ ಒಟ್ಟಾಗಿ ಉಣ್ಣುವರು. ದುಡಿಯಲಾರದ ಎತ್ತಿಗೂ ಊರಿನ ಕಾಳಿನಲ್ಲಿ ಪಾಲುಂಟು, ಆ ಪಾಲನ್ನು ಕೇಳಿ ತರುವ ಭಾರವು ಎಳೆಯರದು ಎಂಬ ತತ್ವವು ಇದರಲ್ಲಿ ಅಡಗಿದೆ. ಇದನ್ನು ಮಕ್ಕಳಿಗೆ ಯಾರೂ ಉಪದೇಶಿಸುವುದಿಲ್ಲ. ಕುಂಟೆತ್ತನ್ನು ಹಿಡಿದು ಹತ್ತು ಬಾಗಿಲುಗಳಲ್ಲಿ ನಿಂತ ಮಗುವಿಗೆ ಉಪದೇಶವು ಬೇಕಾಗಿಯೂ ಇಲ್ಲ.

ಆಷಾಢದ ಮಂಗಳವಾರಗಳು ಹೆಣ್ಣುಮಕ್ಕಳವು. ಅವರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ, ಜೋಳಗಳ ಕಾಳುಗಳನ್ನು ಒಡವೆಯಾಗಿ ಒತ್ತಿ ಸಿಂಗರಿಸುವರು, ಹಾಡು ಹೇಳುವರು, ನೀರಿಗೆ ಬಿಡುವರು, ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಕೂಡಿ ಉಣ್ಣುವರು. ವಾರವಾರವೂ ಮಾಡುವುದು, ವಾರವಾರವೂ ಬಿಡುವುದು ಇಲ್ಲಿಯ ವಿಶೇಷ. ಮೊದಲ ವಾರ ವಕ್ರವಾದ ಮುಖವು ಎರಡನೆಯ ವಾರ ನೇರವಾಗುವುದು. ತಪ್ಪಿದುದಕ್ಕೆ ಶಿಕ್ಷೆಯಿಲ್ಲ, ತಿದ್ದಿಕೊಳ್ಳಲು ಮುಂದಿನ ಮಂಗಳವಾರವಿದೆ.

ಪಂಚಮಿಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ, ದೇವರ ಪಾಲು, ಗುರುವಿನ ಪಾಲು ಎಂದು ಮೊದಲುಮಾಡಿ, ಅಪ್ಪ, ಅವ್ವ, ಅಣ್ಣ, ತಮ್ಮ, ಅಕ್ಕ, ತಂಗಿ, ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಹೀಗೆ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ತೊಟ್ಟು ಎರೆಯುವ ರೂಢಿಯಿದೆ. ಸಂಬಂಧವಾಚಕಗಳ ಈ ಪಾಠದಲ್ಲಿ ಮಗುವು ಯಾರನ್ನಾದರೂ ಮರೆತರೆ ಪಕ್ಕದವರು ನೆನಪಿಸುವರು. ಗಣಪ್ಪನನ್ನು ಮಾಡುವ ಕೆಲಸವು ಬಹುಮಟ್ಟಿಗೆ ಕುಶಲರದು. ಮಕ್ಕಳ ಪಾಲಿಗೆ ಅಲಂಕಾರ, ಕಳಿಸುವ ಮೆರವಣಿಗೆ ಇವು ಉಳಿಯುತ್ತವೆ. ಏಳು ದಿನ ಬಾಳಿ ಹುಣ್ಣಿಮೆಗೆ ಸಾಯುವ ಜೋಕುಮಾರನನ್ನಂತೂ ಹೆಂಗಸರು ಬೇವಿನ ಎಲೆಯ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಂದು ಹಾಡುವರು. ಮಳೆಬೆಳೆಯ ಸಂಗತಿಯನ್ನು ಅವನು ಶಿವನಿಗೆ ಮುಟ್ಟಿಸುವನೆಂಬ ನಂಬಿಕೆಯಿದೆ. ಇಲ್ಲಿ ಮಗುವು ಕೇಳುವವನು. ಮಣ್ಣೆತ್ತಿನಲ್ಲಿ ಎಲ್ಲವೂ ಮಗುವಿನ ಕೈಯಲ್ಲಿದ್ದು, ಜೋಕುಮಾರನಲ್ಲಿ ಮರಣ, ಮಳೆ, ದೇವರ ನ್ಯಾಯ ಇವು ಹಿರಿಯರ ಬಾಯಲ್ಲಿರುವುದರಿಂದ, ಐದು ಪೂಜೆಗಳ ಸಾಲು ಸುಲಭದಿಂದ ಗಹನಕ್ಕೆ ಏರುವ ಸೋಪಾನವಾಗಿದೆ.

ಈ ಶಿಕ್ಷಣಕ್ಕೆ ಒಂದು ಕೊರತೆಯೂ ಉಂಟು. ಎತ್ತನ್ನು ಏಕೆ ಪೂಜಿಸಬೇಕು ಎಂಬ ಪ್ರಶ್ನೆಯನ್ನು ವಿಧಿಯು ಮಗುವಿನ ಬಾಯಲ್ಲಿ ಇಡುವುದಿಲ್ಲ. ಉತ್ತರವನ್ನು ಹಿರಿಯರ ಬಾಯಲ್ಲಿಯೂ ಇಡುವುದಿಲ್ಲ. ಹಿಂದೆ ಇದರ ಅವಶ್ಯಕತೆಯೇ ಇರಲಿಲ್ಲ. ಜಗಲಿಯ ಮೇಲಿನ ಮಣ್ಣೆತ್ತಿಗೆ ಕೊಟ್ಟಿಗೆಯ ಜೀವಂತ ಎತ್ತು ವ್ಯಾಖ್ಯಾನವಾಗಿ ನಿಂತಿತ್ತು. ಕೊಟ್ಟಿಗೆಯು ಬರಿದಾದ ದಿನ ಮೂಲವು ಉಳಿದು ವ್ಯಾಖ್ಯಾನವು ಕಳೆಯುವುದು. ಈ ಅಪಾಯದ ಸ್ವರೂಪವನ್ನು ಅರಿಯಲು ಯೆಹೂದ್ಯರ ಪದ್ಧತಿಯು ಸಹಾಯಕವಾಗುತ್ತದೆ. ತಮ್ಮ ನೆಲವನ್ನೂ ದೇವಾಲಯವನ್ನೂ ಕಳೆದುಕೊಂಡು ದೇಶದೇಶಗಳಲ್ಲಿ ಚದರಿದ ಆ ಜನರಿಗೆ, ವ್ಯಾಖ್ಯಾನವಿಲ್ಲದ ವಿಧಿಯ ಕಷ್ಟವು ಬಹು ಹಿಂದೆಯೇ ಎದುರಾಗಿತ್ತು.

ಐಗುಪ್ತದ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಪಸ್ಕಹಬ್ಬದ ಮೊದಲ ರಾತ್ರಿ ಯೆಹೂದ್ಯರ ಮನೆಗಳಲ್ಲಿ ಒಂದು ವಿಧಿಬದ್ಧವಾದ ಊಟವು ನಡೆಯುವುದು. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವರು, ಆಗ ಉತ್ತರ ಕೊಡಬೇಕು ಎಂಬ ಆಜ್ಞೆಯು ವಿಮೋಚನಕಾಂಡದಲ್ಲಿಯೇ ಇದೆ. ಕ್ರಿ. ಶ. ೨೦೦ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಧರ್ಮಸಂಹಿತೆಯು ಇದನ್ನು ಇನ್ನಷ್ಟು ಬಿಗಿಗೊಳಿಸಿತು: ಎರಡನೆಯ ಪಾತ್ರೆಯ ದ್ರಾಕ್ಷಾರಸವನ್ನು ಸುರಿದೊಡನೆ ಮಗನು ತಂದೆಯನ್ನು ಪ್ರಶ್ನಿಸಬೇಕು, ಕೇಳಲು ತಿಳಿಯದಿದ್ದರೆ ಕೇಳುವುದನ್ನು ತಂದೆಯೇ ಕಲಿಸಬೇಕು, ಮಗನ ತಿಳಿವಳಿಕೆ ಎಷ್ಟೋ ಅಷ್ಟಕ್ಕೆ ತಕ್ಕಂತೆ ತಂದೆಯು ಬೋಧಿಸಬೇಕು. ತರುವಾಯದ ತಾಲ್ಮುದಿನ ಪಂಡಿತರು ಪ್ರಶ್ನೆಯನ್ನು ಹುಟ್ಟಿಸುವ ಉಪಾಯಗಳನ್ನೂ ಹೇಳಿದ್ದಾರೆ. ಊಟಕ್ಕೆ ಮೊದಲೇ ಮಣೆಯನ್ನು ಎತ್ತಿಬಿಡುವುದು, ಇದೇನೆಂದು ಮಕ್ಕಳು ಬೆರಗಾಗಿ ಕೇಳಲೆಂದು. ಹುರಿದ ಕಾಳು, ಬೀಜಗಳನ್ನು ಹಂಚುವುದು, ಅವರು ನಿದ್ದೆಹೋಗದಿರಲೆಂದು. ಪಸ್ಕದ ಗ್ರಂಥವಾದ ಹಗ್ಗಾದವು ಜಾಣ, ದುಷ್ಟ, ಮುಗ್ಧ, ಕೇಳಲರಿಯದವ ಎಂದು ನಾಲ್ಕು ಬಗೆಯ ಮಕ್ಕಳನ್ನು ಹೇಳಿ, ನಾಲ್ವರಿಗೂ ಬೇರೆಬೇರೆ ಉತ್ತರಗಳನ್ನು ಒದಗಿಸುತ್ತದೆ.

ಆ ಊಟದ ತಟ್ಟೆಯಲ್ಲಿ ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು ಇವುಗಳ ಜೊತೆಗೆ ಹರೋಸೆತ್ ಎಂಬ ಸಿಹಿಯಾದ ಹಣ್ಣಿನ ಮುದ್ದೆಯೂ ಇರುತ್ತದೆ. ಐಗುಪ್ತದಲ್ಲಿ ದಾಸರಾಗಿದ್ದ ಹಿರಿಯರು ಇಟ್ಟಿಗೆಗಾಗಿ ತುಳಿದ ಕೆಸರುಮಣ್ಣಿನ ನೆನಪು ಅದೆಂದು ತಾಲ್ಮುದು ಹೇಳುತ್ತದೆ. ಅಲ್ಲಿಯೂ ಪಾಠದ ಸಾಧನವು ಮಣ್ಣೇ. ಆದರೆ ಅದು ಕಳೆದುಹೋದ ಮಣ್ಣು, ತಿನಿಸಿನ ರೂಪದಲ್ಲಿ ಪ್ರತಿವರ್ಷ ಹೊಸದಾಗಿ ಅರೆಯಲ್ಪಡುವ ಮಣ್ಣು. ಹಾಗೆಯೇ ಪರ್ಣಶಾಲೆಗಳ ಹಬ್ಬದಲ್ಲಿ, ಹೊಲವನ್ನೇ ಕಾಣದ ಪಟ್ಟಣದ ಮಕ್ಕಳೂ ಸೊಪ್ಪುಸದೆಗಳ ಚಪ್ಪರವನ್ನು ಹಾಕಿ ಅದರ ಕೆಳಗೆ ಉಣ್ಣುವರು. ಬಾಳು ಹೋದರೂ ಪಾಠವು ಉಳಿದುದಕ್ಕೆ ಕಾರಣವೇನೆಂದರೆ, ಕೈಗೆ ಕೆಲಸ, ಬಾಯಿಗೆ ಪ್ರಶ್ನೆ, ಪ್ರಶ್ನೆಗೆ ಕಥೆ ಈ ಮೂರನ್ನೂ ವಿಧಿಯೊಳಗೇ ಕಟ್ಟಿಟ್ಟುದು.

ಈ ಮೂರರಲ್ಲಿ ಕೈಕೆಲಸವೊಂದೇ ಉಳಿದರೆ ಏನಾಗುವುದೆಂಬುದಕ್ಕೂ ಯೆಹೂದ್ಯರಲ್ಲಿಯೇ ನಿದರ್ಶನವಿದೆ. ಆ ನಿದರ್ಶನವು ದೂರದ್ದಲ್ಲ. ಹಿಂದಿನ ಮುಂಬಯಿ ಪ್ರಾಂತದ ಕೊಂಕಣ ಕರಾವಳಿಯದು. ಅಲ್ಲಿಯ ಬೆನೆ ಇಸ್ರಾಯೇಲರು ಮರಾಠಿ ಮಾತನಾಡುವ ಯೆಹೂದ್ಯರು. ಗಾಣದ ಕಸುಬಿನವರಾದ ಅವರು ಶನಿವಾರ ಗಾಣ ಹೂಡುತ್ತಿರಲಿಲ್ಲವಾದುದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಹೀಬ್ರೂ ಗ್ರಂಥಗಳಿಲ್ಲದೆ ಬಹುಕಾಲ ಬಾಳಿದ ಆ ಸಮಾಜವು ಧರ್ಮವನ್ನು ಅಡಿಗೆಮನೆಯಲ್ಲಿಯೂ ಕೈಯ ರೂಢಿಯಲ್ಲಿಯೂ ಕಾಪಾಡಿಕೊಂಡಿತು. ರೆಕ್ಕೆ ಪೊರೆಗಳಿಲ್ಲದ ಮೀನನ್ನು ಹೆಂಗಸರು ಬೇರೆ ತೆಗೆದಿಟ್ಟುದನ್ನು ನೋಡಿಯೇ ದಾವೀದ ರಹಾಬಿ ಎಂಬ ಗುರುವು ಅವರನ್ನು ಯೆಹೂದ್ಯರೆಂದು ಗುರುತಿಸಿದನೆಂದು ಅವರ ಐತಿಹ್ಯವು ಹೇಳುತ್ತದೆ.

ಅವರ ಹಬ್ಬಗಳ ಹಳೆಯ ಮರಾಠಿ ಹೆಸರುಗಳು ಇನ್ನೂ ಅರ್ಥಗರ್ಭಿತವಾಗಿವೆ. ಹಯೀಮ್ ಸಾಮ್ಯುಯೆಲ್ ಕೇಹಿಮ್ಕರ್ ಎಂಬವರು ೧೮೯೭ರಲ್ಲಿ ಬರೆದು ೧೯೩೭ರಲ್ಲಿ ಅಚ್ಚಾದ ತಮ್ಮ ಸಮಾಜದ ಇತಿಹಾಸದಲ್ಲಿ ಇವನ್ನು ದಾಖಲಿಸಿದ್ದಾರೆ. ಪ್ರಾಯಶ್ಚಿತ್ತದ ಮಹಾದಿನಕ್ಕೆ ಬಾಗಿಲು ಮುಚ್ಚುವ ಹಬ್ಬವೆಂದು ಹೆಸರು. ಇನ್ನೊಂದಕ್ಕೆ ಖೀರಿನ ಹಬ್ಬವೆಂದು ಹೆಸರು. ಪಸ್ಕಕ್ಕೆ ಹುಳಿಯ ಗಡಿಗೆಯನ್ನು ಮುಚ್ಚಿಡುವ ಹಬ್ಬವೆಂದು ಹೆಸರು. ಈ ಹೆಸರುಗಳಲ್ಲಿ ಐಗುಪ್ತವಿಲ್ಲ, ಮೋಶೆಯಿಲ್ಲ, ಬಿಡುಗಡೆಯಿಲ್ಲ. ಕೈಯು ಮಾಡಿದ ಕೆಲಸ ಮಾತ್ರ ಇದೆ. ಕೈಯು ಮರೆಯಲಿಲ್ಲ, ಕಥೆಯು ಮರೆಯಾಯಿತು. ಆದರೆ ಗಡಿಗೆಯನ್ನು ಮುಚ್ಚುವ ಕೈ ಉಳಿದಿದ್ದುದರಿಂದಲೇ, ಕಥೆಯು ಮರಳಿ ಬಂದಾಗ ಅದಕ್ಕೆ ಕೂಡಲು ಒಂದು ಸ್ಥಾನವಿತ್ತು. ೧೭೯೬ರಲ್ಲಿ ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾಮಂದಿರವಾಯಿತು. ೧೮೪೬ರಲ್ಲಿ ಮುಂಬಯಿಯಲ್ಲಿಯೂ ೧೮೭೪ರಲ್ಲಿ ಪುಣೆಯಲ್ಲಿಯೂ ಮರಾಠಿ ಅನುವಾದದೊಡನೆ ಹಗ್ಗಾದಗಳು ಅಚ್ಚಾದವು. ಪುಣೆಯ ಪುಸ್ತಕದ ಚಿತ್ರದಲ್ಲಿ ಸೀರೆಯುಟ್ಟ ಹೆಂಗಸರೇ ಹುಳಿಯಿಲ್ಲದ ರೊಟ್ಟಿಯನ್ನು ಮಾಡುತ್ತಿದ್ದಾರೆ. ೧೮೭೫ರಲ್ಲಿ ಕೇಹಿಮ್ಕರರ ಮುಂದಾಳುತನದಲ್ಲಿ ಮುಂಬಯಿಯಲ್ಲಿ ಆ ಸಮಾಜದ ಮಕ್ಕಳಿಗಾಗಿ ಶಾಲೆಯೂ ಹುಟ್ಟಿತು. ಗ್ರಂಥವು ಕೈಯ ರೂಢಿಯನ್ನು ಅಳಿಸಲಿಲ್ಲ. ಅದಕ್ಕೆ ಅರ್ಥವನ್ನು ಕೊಟ್ಟು ಗಟ್ಟಿಗೊಳಿಸಿತು.

ಇದನ್ನು ಮನಸ್ಸಿನಲ್ಲಿಟ್ಟು ಕೃಷ್ಣಾತೀರಕ್ಕೆ ಮರಳಿದರೆ, ಇಲ್ಲಿಯ ಮಣ್ಣಿನ ಪೂಜೆಗಳು ಯಾವ ಅವಸ್ಥೆಯಲ್ಲಿವೆಯೆಂಬುದು ತಿಳಿಯುವುದು. ಜಮಖಂಡಿ, ಮುಧೋಳಗಳ ಭೂಮಿಯಲ್ಲಿ ಕಬ್ಬು ಹರಡಿದೆ. ಉಳುವ ಕೆಲಸವು ಟ್ರ್ಯಾಕ್ಟರಿಗೆ ಹೋಗಿದೆ. ಆಲಮಟ್ಟಿಯ ಹಿನ್ನೀರಿನಿಂದ ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಹಳೆಯ ನೆಲವನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದಿವೆ. ಹಳೆಯ ಹೊಳೆದಂಡೆಯ ಮಣ್ಣು ನೀರಿನ ಕೆಳಗಿದೆ. ಮಾಡಿಟ್ಟ ಜೋಡೆತ್ತುಗಳು ಸಂತೆಯಲ್ಲಿ ಕೊಳ್ಳಲು ಸಿಗುತ್ತವೆ. ಕೊಂಡು ತಂದ ಎತ್ತಿಗೂ ಪೂಜೆಯಾಗುವುದು, ನೈವೇದ್ಯವಾಗುವುದು. ಆದರೆ ಇಣಿಯು ಎಲ್ಲಿರಬೇಕೆಂದು ಯಾವ ಬೆರಳೂ ತಡೆಯುವುದಿಲ್ಲ. ತಡೆಯದ ಬೆರಳು ಪ್ರಶ್ನೆಯನ್ನು ಕೇಳಿಸುವುದಿಲ್ಲ. ಕೇಳದ ಪ್ರಶ್ನೆಯೊಡನೆ ಆ ಶಬ್ದವೂ ಹೋಗುವುದು. ಬೆನೆ ಇಸ್ರಾಯೇಲರಲ್ಲಿ ಕಥೆಯು ಹೋಗಿ ಕೈ ಉಳಿದಿತ್ತು. ಇಲ್ಲಿ ಕಥೆಯನ್ನು ಹೇಳುತ್ತಿದ್ದ ಕೊಟ್ಟಿಗೆ, ಮಾಡುತ್ತಿದ್ದ ಕೈ ಎರಡೂ ಒಟ್ಟಿಗೆ ಹಿಂದೆ ಸರಿಯುತ್ತಿವೆ. ಇದೇ ಹೆಚ್ಚಿನ ಚಿಂತೆಗೆ ಕಾರಣ.

ಹಾಗೆಂದು ಎತ್ತಿಲ್ಲದ ಮನೆಗೆ ಮಣ್ಣೆತ್ತು ಸಲ್ಲದೆಂದು ಹೇಳಲಾಗದು. ಈ ಪೂಜೆಯು ಎಂದೂ ಒಕ್ಕಲುತನದ ಮನೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ನೇಗಿಲನ್ನು ಮುಟ್ಟದ ಕಸುಬಿನವರ ಮನೆಗಳ ಜಗಲಿಯ ಮೇಲೆಯೂ ಎತ್ತುಗಳು ನಿಂತಿವೆ. ತನ್ನ ರೊಟ್ಟಿಯ ಜೋಳವು ಬೇರೊಬ್ಬರ ಎತ್ತಿನ ದುಡಿಮೆಯೆಂಬ ಅರಿವಿಗೆ ಕೊಟ್ಟಿಗೆಯೇ ಬೇಕೆಂದಿಲ್ಲ, ಹೇಳುವವರು ಬೇಕು. ಹೊಲವಿಲ್ಲದ ಯೆಹೂದ್ಯ ಬಾಲಕನಿಗೆ ಪರ್ಣಶಾಲೆಯು ಹೇಗೋ, ಎತ್ತಿಲ್ಲದ ಕನ್ನಡ ಬಾಲಕನಿಗೆ ಮಣ್ಣೆತ್ತು ಹಾಗೆ ಆಗಬಹುದು. ಆದರೆ ಏಕೆ ಎಂಬ ಪ್ರಶ್ನೆಗೆ ಎಡೆಮಾಡಿಕೊಟ್ಟರೆ ಮಾತ್ರ.

ಕನ್ನಡದಲ್ಲಿ ಆ ಪ್ರಶ್ನೆಯು ಇಲ್ಲದೆ ಇಲ್ಲ. ವಿಧಿಯೊಳಗೆ ಇಲ್ಲ, ಸಾಹಿತ್ಯದೊಳಗೆ ಇದೆ. ಕಲ್ಲಿನ ನಾಗರಕ್ಕೆ ಹಾಲೆರೆದು ಜೀವಂತ ನಾಗರವನ್ನು ಕೊಲ್ಲಹೊರಡುವವರನ್ನು ಬಸವಣ್ಣನು ವಚನದಲ್ಲಿ ಪ್ರಶ್ನಿಸಿದ್ದಾನೆ. ಅವನ ಕೂಡಲಸಂಗಮವೂ ಇದೇ ಜಿಲ್ಲೆಯಲ್ಲಿ, ಇದೇ ಕೃಷ್ಣೆಯ ದಂಡೆಯ ಮೇಲಿದೆ. ಪಂಚಮಿಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆದ ಮಗುವು ಮರುದಿನ ಶಾಲೆಯಲ್ಲಿ ಆ ವಚನವನ್ನು ಓದಿದರೆ, ಅದು ಪರೀಕ್ಷೆಯ ಪಾಠವಾಗಿ ಉಳಿಯದೆ ತನ್ನನ್ನೇ ಕೇಳಿದ ಪ್ರಶ್ನೆಯಾಗುವುದು. ಪಸ್ಕದ ರಾತ್ರಿ ಒಂದೇ ಮಣೆಯ ಮುಂದೆ ಕೂಡುವ ಕೈಕೆಲಸ ಮತ್ತು ಪ್ರಶ್ನೆ ಇಲ್ಲಿ ಎರಡು ಕಡೆಗಳಲ್ಲಿ ಚದರಿವೆ: ಒಂದು ಜಗಲಿಯ ಮೇಲೆ, ಇನ್ನೊಂದು ಪಠ್ಯಪುಸ್ತಕದೊಳಗೆ. ಇವನ್ನು ಕೂಡಿಸಲು ಬಲ್ಲವನು ಸಾಹಿತ್ಯದ ಉಪಾಧ್ಯಾಯನು.

ಇದಕ್ಕೆ ದೊಡ್ಡ ಸಾಧನಗಳು ಬೇಕಿಲ್ಲ. ಜ್ಯೇಷ್ಠದ ಅಮಾವಾಸ್ಯೆಗೆ ಮುಂಚಿನ ಒಂದು ದಿನ ತರಗತಿಗೆ ಒಂದು ಬುಟ್ಟಿ ಮಣ್ಣನ್ನು ತರಿಸುವುದು; ಮಕ್ಕಳು ಮಾಡುವ ತನಕ ಉಪಾಧ್ಯಾಯನು ಮಾತನಾಡದೆ ಇರುವುದು; ಒಂದೊಂದು ಅಂಗಕ್ಕೆ ಅವರವರ ಮನೆಯಲ್ಲಿ ಬಳಸುವ ಹೆಸರನ್ನು ಹಿರಿಯರಿಂದ ಕೇಳಿಬಂದು ಬರೆಯಿಸುವುದು; ಕುಂಟೆತ್ತು ಏಕೆ, ಗ್ವಾದಲಿ ಏಕೆ, ಎತ್ತಿಲ್ಲದ ಮನೆಯಲ್ಲಿ ಎತ್ತು ಏಕೆ ಎಂದು ಅವರೇ ಕೇಳುವಂತೆ ಮಾಡುವುದು. ಉತ್ತರವು ಒಂದೇ ಆಗಬೇಕಾಗಿಲ್ಲ. ನಾಲ್ಕು ಬಗೆಯ ಮಕ್ಕಳಿಗೆ ನಾಲ್ಕು ಉತ್ತರಗಳೆಂಬ ಹಳೆಯ ಯೆಹೂದ್ಯ ನ್ಯಾಯವು ಇಲ್ಲಿಯೂ ಸಲ್ಲುವುದು. ಹೀಗೆ ಬರೆದುಕೊಂಡ ಹೆಸರುಗಳು ಪದಕೋಶಕ್ಕೆ ಸಾಮಗ್ರಿಯಾಗುವುದು ಎರಡನೆಯ ಲಾಭ. ಮೊದಲನೆಯ ಲಾಭವು ಮಗುವಿನದು. ತಾನು ನಾದಿ ಮಾಡಿದ ಎತ್ತನ್ನು ನೀರಿಗೆ ಬಿಟ್ಟು ಬರಿಗೈಯಲ್ಲಿ ಮರಳುವ ಮಗುವಿನೊಳಗೆ ಒಂದು ಹೆಸರು, ಒಂದು ಪ್ರಶ್ನೆ, ಒಬ್ಬ ಹಿರಿಯನ ಉತ್ತರ ಇವು ಉಳಿದಿದ್ದರೆ, ಮುಂದಿನ ವರ್ಷ ಮತ್ತೆ ಮಣ್ಣನ್ನು ತರಲು ಅದಕ್ಕೆ ಯಾರೂ ಹೇಳಬೇಕಾಗುವುದಿಲ್ಲ.